ಕೊಂಡವನೇ ಹಾರಿಸುವ ವಿಮಾನ

ನಿಮ್ಮ ಕೈಯಲ್ಲಿ ಬೇಕಾದಷ್ಟು ಹಣವಿದೆ, ಜೇಬಿನಲ್ಲಿ ವಿಮಾನ ಚಾಲನೆಯ ಪರವಾನಗಿಯೂ ಇದೆ ಎಂದು ಒಂದು ಕ್ಷಣ ಊಹಿಸಿಕೊಳ್ಳಿ. ಪುಟ್ಟದೊಂದು ಜೆಟ್ ವಿಮಾನ ಕೊಂಡು ಅದನ್ನು ನೀವೇ ಹಾರಿಸಬೇಕು. ಯಾವುದನ್ನು ಆರಿಸುತ್ತೀರಿ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಎಲ್ಲಕ್ಕಿಂತ ವೇಗವಾಗಿ ಹೋಗುವುದನ್ನು. ಎರಡನೆಯ ಉತ್ತರ, ಎಲ್ಲಕ್ಕಿಂತ ಎತ್ತರಕ್ಕೆ ಹೋಗುವುದನ್ನು. ಇದು ಅಂಗಡಿಯ ಮುಂದೆ ನಿಂತು ಕೇಳುವ ಪ್ರಶ್ನೆಯಂತೆ ಕಂಡರೂ, ಇದಕ್ಕೆ ಸರಿಯಾದ ಉತ್ತರ ಸಿಗುವುದು ಇತಿಹಾಸದಲ್ಲಿ. ಅದರಲ್ಲೂ ನಮ್ಮ ಬೆಂಗಳೂರಿನ ಇತಿಹಾಸದಲ್ಲಿ. ಚಿಕ್ಕ ವಿಮಾನಗಳನ್ನು ಕಲ್ಪಿಸುವುದು, ಕಟ್ಟುವುದು, ಹಾರಿಸಿ ನೋಡುವುದು, ಒಮ್ಮೊಮ್ಮೆ ಕಳೆದುಕೊಳ್ಳುವುದು, ಇವೆಲ್ಲ ಎಂಟು ದಶಕಗಳಿಂದ ಈ ಊರಿನಲ್ಲಿ ನಡೆಯುತ್ತ ಬಂದಿವೆ.

ದೊಡ್ಡ ಪ್ರಯಾಣಿಕ ವಿಮಾನದಲ್ಲಿ ಚಾಲಕರು ಇಬ್ಬರು. ಒಬ್ಬರು ಹಾರಿಸುವಾಗ ಇನ್ನೊಬ್ಬರು ತಪಶೀಲು ಪಟ್ಟಿಯನ್ನು ಓದುತ್ತಾರೆ, ರೇಡಿಯೋದಲ್ಲಿ ಮಾತನಾಡುತ್ತಾರೆ, ಮೊದಲನೆಯವರ ಕಣ್ಣು ತಪ್ಪಿದ್ದನ್ನು ಹಿಡಿಯುತ್ತಾರೆ. ಅವರ ಹಿಂದೆ ಒಂದು ಕಂಪನಿಯಿದೆ. ಹವಾಮಾನ ಸರಿಯಿಲ್ಲ, ಇಂದು ಬೇಡ ಎನ್ನುವ ಅಧಿಕಾರಿಯಿದ್ದಾರೆ. ಮಾಲೀಕನೇ ಚಾಲಕನಾದಾಗ ಈ ಎಲ್ಲ ಪಾತ್ರಗಳೂ ಒಬ್ಬನ ಮೇಲೆಯೇ ಬೀಳುತ್ತವೆ. ಹೋಗಬೇಕೆಂಬ ಆತುರವೂ ಅವನದೇ, ಹೋಗಬೇಡ ಎಂದು ತಡೆಯಬೇಕಾದ ವಿವೇಕವೂ ಅವನದೇ. ಆದಕಾರಣ ಅವನು ವಿಮಾನ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ವೇಗದ್ದಲ್ಲ. ನನ್ನ ಯಾವ ತಪ್ಪನ್ನು ಈ ವಿಮಾನ ಮನ್ನಿಸುತ್ತದೆ, ಯಾವುದನ್ನು ಮನ್ನಿಸುವುದಿಲ್ಲ ಎಂಬುದೇ ಆ ಪ್ರಶ್ನೆ.

ಭಾರತದಲ್ಲಿ ಸ್ವಂತಕ್ಕೆ ಹಾರುವ ಹವ್ಯಾಸಕ್ಕೆ ಮೊದಲ ದೊಡ್ಡ ಪ್ರೋತ್ಸಾಹ ಸಿಕ್ಕಿದ್ದು ಆಗಾಖಾನರ ಬಹುಮಾನದಿಂದ. ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಂಟಿಯಾಗಿ ಹಾರಿ ಬರುವ ಮೊದಲ ಭಾರತೀಯನಿಗೆ ಈ ಬಹುಮಾನ. 1930ರಲ್ಲಿ ಕಣಕ್ಕಿಳಿದವರ ಪೈಕಿ ಜೆ.ಆರ್.ಡಿ. ಟಾಟಾ ಒಬ್ಬರು, 1929ರಲ್ಲಿ ಭಾರತದ ಮೊದಲ ಸಂಖ್ಯೆಯ ಪರವಾನಗಿ ಪಡೆದವರು. ಇನ್ನೊಬ್ಬ ಸ್ಪರ್ಧಿ ಆಸ್ಪಿ ಎಂಜಿನಿಯರ್ ಎಂಬ ಹುಡುಗ. ಆಗ ಅವನಿಗೆ ಹದಿನೇಳು ವರ್ಷ, ನಿಮ್ಮದೇ ವಯಸ್ಸು. ಅವರಿಬ್ಬರೂ ಏರಿದ್ದು ಜಿಪ್ಸಿ ಮಾತ್ ಎಂಬ ಪುಟ್ಟ ಎರಡು ಅಂತಸ್ತಿನ ರೆಕ್ಕೆಯ ವಿಮಾನವನ್ನು. ಈಜಿಪ್ಟಿನಲ್ಲಿ ಇವರಿಬ್ಬರೂ ಎದುರಾದಾಗ ಆಸ್ಪಿಗೆ ಸ್ಪಾರ್ಕ್ ಪ್ಲಗ್‌ಗಳ ಕೊರತೆಯಾಗಿತ್ತು, ಜೆ.ಆರ್.ಡಿ. ತಮ್ಮಲ್ಲಿದ್ದವನ್ನು ಕೊಟ್ಟರು. ಕೊನೆಗೆ ಗೆದ್ದವನು ಆಸ್ಪಿಯೇ. ಅದೇ ಹುಡುಗ ಮುಂದೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಮುಖ್ಯಸ್ಥನಾದ, 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥನೂ ಆದ.

ಎರಡು ವರ್ಷಗಳ ನಂತರದ ಆಯ್ಕೆ ಕರ್ನಾಟಕಕ್ಕೆ ಇನ್ನಷ್ಟು ಹತ್ತಿರದ್ದು. 1932ರಲ್ಲಿ ಟಾಟಾ ಸಂಸ್ಥೆ ಅಂಚೆ ಸಾಗಣೆ ಆರಂಭಿಸಲು ಹೊರಟಾಗ ಎರಡು ಪುಸ್ ಮಾತ್ ವಿಮಾನಗಳನ್ನು ತರಿಸಿಕೊಂಡಿತು. ಮುಚ್ಚಿದ ಕೋಣೆ, ಸುಮಾರು 120 ಅಶ್ವಶಕ್ತಿಯ ಒಂದೇ ಎಂಜಿನ್, ಗಂಟೆಗೆ ಸುಮಾರು 160 ಕಿ.ಮೀ. ವೇಗ. ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಯ ಜುಹುವಿಗೆ ಬಂದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ! ಅಲ್ಲಿಂದ ಮುಂದೆ ಚೀಲಗಳನ್ನು ಹೊತ್ತವರು ನೆವಿಲ್ ವಿನ್ಸೆಂಟ್. ಅವರು ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ, ಮರುದಿನ ಮದರಾಸು. ಜುಹು ಆಗ ಸಮುದ್ರದಂಚಿನ ಕೆಸರು ಬಯಲು, ಮಳೆಗಾಲ ಬಂದರೆ ಮುಳುಗಿಹೋಗುತ್ತಿತ್ತು. ನೆಲವೇ ಹೀಗಿರುವಾಗ ಭಾರದ, ವೇಗದ ವಿಮಾನವನ್ನು ತಂದು ಮಾಡುವುದೇನು? ಮೆಲ್ಲಗೆ ಇಳಿಯುವ, ಎತ್ತಿನ ಗಾಡಿ ತಂದುಕೊಟ್ಟ ಡಬ್ಬಿಗಳಲ್ಲೇ ಹೊಟ್ಟೆ ತುಂಬುವ ವಿಮಾನ ಬೇಕಿತ್ತು. ಪುಸ್ ಮಾತ್‌ನಲ್ಲಿ ದೋಷಗಳೇ ಇರಲಿಲ್ಲವೆಂದಲ್ಲ. ಪ್ರಕ್ಷುಬ್ಧ ಗಾಳಿಯಲ್ಲಿ ರೆಕ್ಕೆ ಮುರಿದು ಬಿದ್ದ ಹಲವು ಪ್ರಕರಣಗಳು ಆ ವರ್ಷಗಳಲ್ಲಿ ಬೇರೆ ಬೇರೆ ದೇಶಗಳಿಂದ ವರದಿಯಾದವು. ಬಳಿಕ ಅದರ ಆಧಾರದ ಕಂಬಗಳನ್ನು ತಿದ್ದಬೇಕಾಯಿತು.

ಇನ್ನು ಬೆಂಗಳೂರಿಗೆ ಬರೋಣ. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಪಾಲುಗಾರಿಕೆಯೊಂದಿಗೆ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಇಂದಿನ ಎಚ್.ಎ.ಎಲ್.ನ ಮೂಲ ಇದೇ. 1941ರಲ್ಲಿ ಅಲ್ಲಿ ಜೋಡಿಸಿ ಹಾರಿಸಿದ ಮೊದಲ ವಿಮಾನದ ಹೆಸರು ಹಾರ್ಲೋ. ಇದರ ಹಿನ್ನೆಲೆ ನಿಮಗೆ ರುಚಿಸಬಹುದು. ಅಮೆರಿಕದ ಪ್ಯಾಸಡೀನಾ ಜೂನಿಯರ್ ಕಾಲೇಜಿನಲ್ಲಿ ಮ್ಯಾಕ್ಸ್ ಹಾರ್ಲೋ ಎಂಬ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಂದಿಗೆ ತರಗತಿಯ ಕೆಲಸವೆಂದು ಒಂದು ವಿಮಾನ ಕಟ್ಟಿದ್ದರು. ಅದರ ಬೆಳೆದ ರೂಪವೇ ಬೆಂಗಳೂರಿನಲ್ಲಿ ಜೋಡಣೆಯಾದ ವಿಮಾನ. ನಮ್ಮ ಊರಿನ ವಿಮಾನ ಕೈಗಾರಿಕೆಯ ಮೊದಲ ಕೂಸು ಒಂದು ಕಾಲೇಜಿನ ಪ್ರಯೋಗ ಎಂಬುದನ್ನು ಏಕೋ ನಾವು ಹೆಚ್ಚಾಗಿ ನೆನೆಯುವುದಿಲ್ಲ.

ನಮ್ಮದೇ ವಿನ್ಯಾಸಕ್ಕೆ ಇನ್ನೂ ಹತ್ತು ವರ್ಷ ಕಾಯಬೇಕಾಯಿತು. ಜರ್ಮನಿಯ ಗಟಿಂಗೆನ್‌ನಲ್ಲಿ ಪ್ರಾಂಡ್ಟಲ್ ಅವರ ಬಳಿ ಸಂಶೋಧನೆ ಮಾಡಿ ಬಂದಿದ್ದ ಡಾ. ವಿ.ಎಂ. ಘಾಟಗೆಯವರು 1942ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ಆರಂಭವಾದ ವಿಮಾನ ಎಂಜಿನಿಯರಿಂಗ್ ವಿಭಾಗವನ್ನು ಕಟ್ಟಿದವರು. ಮುಂದೆ ಕಾರ್ಖಾನೆಯ ಮುಖ್ಯ ವಿನ್ಯಾಸಕರಾದರು. ಅವರ ತಂಡದ ಎಚ್.ಟಿ.-2 ಎಂಬ ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಮೊದಲ ಬಾರಿ ಹಾರಿತು. ಪೂರ್ತಿ ಲೋಹದ ಮೈ, ಕೆಳರೆಕ್ಕೆ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಆಸನ, 155 ಅಶ್ವಶಕ್ತಿಯ ಎಂಜಿನ್. ನೆಲದ ಮೇಲೆ ಅದು ಬಾಲ ಊರಿ, ಮೂಗು ಮೇಲೆತ್ತಿ ನಿಲ್ಲುತ್ತಿತ್ತು. ಚಾಲಕನಿಗೆ ನೇರ ಮುಂದಿನದು ಕಾಣದು. ಅತ್ತಿತ್ತ ಹಾವಿನಂತೆ ಹೊರಳುತ್ತ ರನ್‌ವೇಯವರೆಗೆ ಸಾಗಬೇಕು. ಇಳಿಯುವಾಗ ಕೊಂಚ ಅಡ್ಡಾದರೂ ಸುತ್ತಿ ತಿರುಗಿಬಿಡುವ ಸ್ವಭಾವ ಇಂಥ ವಿಮಾನಗಳದು. ಶಿಸ್ತು ಕಲಿಸುವ ಮೇಷ್ಟರಂತೆ. ಹಿಂದೆ ಶಿಕ್ಷಕ ಕುಳಿತಿರುವ ವಾಯುಪಡೆಗೆ ಅದು ಸರಿಹೋಯಿತು. ಸುಮಾರು 170 ಎಚ್.ಟಿ.-2ಗಳು ತಯಾರಾದವು, ಘಾನಾ ದೇಶದ ವಾಯುಪಡೆಗೂ ಕೆಲವು ಹೋದವು.

ರವಿವಾರದ ಹವ್ಯಾಸಿಗೆ ಬೇರೆಯದೇ ಬೇಕಿತ್ತು. 1958ರ ಸೆಪ್ಟೆಂಬರಿನಲ್ಲಿ ಹಾರಿದ ಪುಷ್ಪಕ್ ಆ ಬೇಡಿಕೆಗೆ ಉತ್ತರ. ಬಟ್ಟೆ ಹೊದಿಸಿದ ಮೇಲ್ರೆಕ್ಕೆ, ಅಕ್ಕಪಕ್ಕದ ಎರಡು ಆಸನ, 90 ಅಶ್ವಶಕ್ತಿಯ ಎಂಜಿನ್, ಪೂರ್ತಿ ಓಡಿಸಿದರೂ ಗಂಟೆಗೆ ಸುಮಾರು 145 ಕಿ.ಮೀ. ಸ್ವಲ್ಪ ದೊಡ್ಡ ಸ್ಕೂಟರಿನಂಥ ವಿಮಾನ ಎನ್ನಬಹುದು. ವೇಗ ಬಹಳ ಇಳಿದರೂ ರೆಕ್ಕೆ ಕೈಬಿಡುತ್ತಿರಲಿಲ್ಲ. ಎಂಜಿನ್ ನಿಂತರೆ ಒಂದು ರಾಗಿ ಹೊಲ ಸಾಕಿತ್ತು. ದೇಶದ ಹಾರಾಟ ಕ್ಲಬ್ಬುಗಳಲ್ಲಿ ಒಂದು ತಲೆಮಾರಿನ ಹವ್ಯಾಸಿಗಳು ಕಲಿತದ್ದು ಇದರಲ್ಲಿ. ನಗರದ ಪಶ್ಚಿಮದಲ್ಲಿ ರಾಜಾಜಿನಗರ ಬಡಾವಣೆ ರೂಪುಗೊಳ್ಳುತ್ತಿದ್ದ 1940ರ ದಶಕದ ಕೊನೆಯ ವರ್ಷಗಳಲ್ಲೇ ಉತ್ತರದ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ಚಾಲನಾ ಶಾಲೆ ಆರಂಭವಾಗಿತ್ತು. ಅದಕ್ಕೆ ಜಮೀನು ಕೊಟ್ಟವರು ಮಹಾರಾಜ ಜಯಚಾಮರಾಜ ಒಡೆಯರು. ನನ್ನನ್ನು ಕೇಳಿದರೆ, ಬೆಂಗಳೂರು ಮಾಡಿದ ವಿಮಾನಗಳಲ್ಲಿ ಸಾಮಾನ್ಯ ಮನುಷ್ಯನನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ್ದು ಪುಷ್ಪಕ್ ಒಂದೇ. ಮಾರುತ್ ಯುದ್ಧವಿಮಾನಕ್ಕೆ ಸಿಕ್ಕ ಕೀರ್ತಿಯಲ್ಲಿ ಕಾಲು ಭಾಗವೂ ಅದಕ್ಕೆ ಸಿಗಲಿಲ್ಲ.

ಹಾಗಾದರೆ ಬೆಂಗಳೂರು ಚಿಕ್ಕ ಜೆಟ್ ಮಾಡಲೇ ಇಲ್ಲವೇ? ಮಾಡಿತು. ಘಾಟಗೆಯವರ ತಂಡವೇ ರೂಪಿಸಿದ ಕಿರಣ್ 1964ರ ಸೆಪ್ಟೆಂಬರ್ 4ರಂದು ಮೇಲೇರಿತು. ಒಂದೇ ಜೆಟ್ ಎಂಜಿನ್, ಅಕ್ಕಪಕ್ಕದಲ್ಲಿ ಎರಡು ಆಸನ. 1996ರಲ್ಲಿ ಬೀದರಿನಲ್ಲಿ ಹುಟ್ಟಿದ ಸೂರ್ಯಕಿರಣ್ ತಂಡ ಮೊದಲು ಕಸರತ್ತು ಮಾಡಿದ್ದು ಇದೇ ವಿಮಾನದಲ್ಲಿ. ಗಾತ್ರದಲ್ಲಿ ಕಿರಣ್ ಇಂದಿನ ಖಾಸಗಿ ಪುಟ್ಟ ಜೆಟ್‌ಗಳಿಗಿಂತ ದೊಡ್ಡದೇನಲ್ಲ. ಆದರೆ ಅದರ ಪಕ್ಕದ ಆಸನದಲ್ಲಿ ಶಿಕ್ಷಕನಿದ್ದ, ಕುರ್ಚಿಯ ಕೆಳಗೆ ಆಕಾಶಕ್ಕೆ ಚಿಮ್ಮಿಸುವ ವ್ಯವಸ್ಥೆಯಿತ್ತು, ನೆಲದ ಮೇಲೆ ಇಡೀ ವಾಯುಪಡೆಯಿತ್ತು. ಇವೆಲ್ಲವನ್ನೂ ತೆಗೆದು ಆ ಜೆಟ್ಟನ್ನು ಒಬ್ಬ ವ್ಯಾಪಾರಿಯ ಕೈಗೆ ಕೊಟ್ಟರೆ ಏನಾದೀತು?

ಈ ಪ್ರಯೋಗವನ್ನು ಅಮೆರಿಕ ಮಾಡಿತು. ಸೆಸ್ನಾ ಕಂಪನಿಯ ಸೈಟೇಶನ್ ಜೆಟ್‌ನ ಒಂದು ಮಾದರಿಗೆ 1977ರಲ್ಲಿ ಒಬ್ಬನೇ ಚಾಲಕ ಹಾರಿಸಲು ಅನುಮತಿ ದೊರೆಯಿತು. ಥರ್ಮನ್ ಮನ್ಸನ್ ಎಂಬ ಪ್ರಖ್ಯಾತ ಬೇಸ್‌ಬಾಲ್ ಆಟಗಾರ ಅದನ್ನು ಕೊಂಡ. ಆಟದ ನಡುವಣ ಬಿಡುವಿನ ದಿನಗಳಲ್ಲಿ ಊರಿಗೆ ಹೋಗಿ ಹೆಂಡತಿ ಮಕ್ಕಳೊಂದಿಗೆ ಇರಬೇಕೆಂಬುದು ಅವನ ಆಸೆ. ಹಾರಲು ಕಲಿತು ಎರಡು ವರ್ಷವೂ ಆಗಿರಲಿಲ್ಲ. ಅಷ್ಟರಲ್ಲೇ ಒಂದರ ಮೇಲೊಂದು ದೊಡ್ಡ ವಿಮಾನಕ್ಕೆ ಏರಿ ಜೆಟ್‌ವರೆಗೆ ಬಂದಿದ್ದ. 1979ರ ಆಗಸ್ಟ್ 2ರಂದು, ಕೊಂಡು ಕೆಲವೇ ವಾರಗಳಾಗಿದ್ದ ಆ ಜೆಟ್‌ನಲ್ಲಿ ಓಹಾಯೋ ರಾಜ್ಯದ ತನ್ನೂರಿನ ಬಳಿ ಏರಿಳಿಯುವ ಅಭ್ಯಾಸ ಮಾಡುತ್ತಿದ್ದಾಗ ರನ್‌ವೇ ಮುಟ್ಟುವ ಮೊದಲೇ ನೆಲಕ್ಕಪ್ಪಳಿಸಿ ಸತ್ತ. ಜೊತೆಗಿದ್ದ ಇಬ್ಬರು ಸುಟ್ಟ ಗಾಯಗಳೊಂದಿಗೆ ಉಳಿದರು. ವಿಮಾನದಲ್ಲಿ ದೋಷವಿರಲಿಲ್ಲ. ಇಳಿಯುವಾಗ ವೇಗ ಬೇಕಾದುದಕ್ಕಿಂತ ಕೆಳಗಿಳಿಯುತ್ತಿರುವುದನ್ನು ಚಾಲಕ ಸಮಯಕ್ಕೆ ಗುರುತಿಸಲಿಲ್ಲ ಎಂದು ತನಿಖೆ ಹೇಳಿತು.

ಪುಷ್ಪಕ್‌ನಲ್ಲಿ ಇದೇ ತಪ್ಪು ಮಾಡಿದ್ದರೆ? ಬಹುಶಃ ಒಂದು ಚಕ್ರ ಮುರಿಯುತ್ತಿತ್ತು. ವ್ಯತ್ಯಾಸ ಇರುವುದು ಜೆಟ್‌ನ ಸ್ವಭಾವದಲ್ಲಿ. ಪಿಸ್ಟನ್ ಎಂಜಿನ್ನಿನ ವಿಮಾನದಲ್ಲಿ ಕೈಯಾಡಿಸಿದೊಡನೆ ಪ್ರೊಪೆಲರ್ ಗಾಳಿಯನ್ನು ರೆಕ್ಕೆಯ ಮೇಲೆ ನೂಕುತ್ತದೆ, ವಿಮಾನ ಚೇತರಿಸಿಕೊಳ್ಳುತ್ತದೆ. ಜೆಟ್ ಎಂಜಿನ್ ಮಂದಗತಿಯಿಂದ ಪೂರ್ಣ ಬಲಕ್ಕೆ ಬರಲು ಕೆಲವು ಸೆಕೆಂಡು ಬೇಕು. ಬಂದ ಬಲವೂ ರೆಕ್ಕೆಯ ಮೇಲೆ ಬೀಸುವುದಿಲ್ಲ. ಇನ್ನು ವೇಗದ ವಿಷಯ. ಇಂದಿನ ಪುಟ್ಟ ಜೆಟ್ ಒಂದು ಗಂಟೆಗೆ 560 ಕಿ.ಮೀ.ನಂತೆ ಸಾಗಿದರೆ, ಕೆಂಗೇರಿಯ ಮೇಲಿಂದ ವಿಜಯನಗರದ ಮೇಲಕ್ಕೆ ಬರಲು ಅದಕ್ಕೆ ಬೇಕಾಗುವುದು ಒಂದೇ ನಿಮಿಷ. ವಿನ್ಸೆಂಟರ ಪುಸ್ ಮಾತ್‌ಗಾದರೆ ಮೂರೂವರೆ ನಿಮಿಷ ಹಿಡಿಯುತ್ತಿತ್ತು. ನಕ್ಷೆ ನೋಡಲು, ರೇಡಿಯೋದಲ್ಲಿ ಮಾತನಾಡಲು, ಮೋಡ ಕಂಡು ದಾರಿ ಬದಲಿಸಲು ಇರುವ ಸಮಯವೂ ಅಷ್ಟೇ ಕುಗ್ಗುತ್ತದೆ. ಚಾಲಕರ ನಡುವೆ ಒಂದು ಮಾತಿದೆ, ವಿಮಾನಕ್ಕಿಂತ ಮುಂದೆ ಮನಸ್ಸು ಹೋಗಬೇಕು ಎಂದು. ಮನ್ಸನ್‌ನ ಮನಸ್ಸು ವಿಮಾನದ ಹಿಂದೆ ಓಡುತ್ತಿತ್ತು.

2000ದ ಬಳಿಕ ತಯಾರಕರು ಈ ಪಾಠವನ್ನು ವಿನ್ಯಾಸದೊಳಕ್ಕೇ ತಂದರು. 2006ರಲ್ಲಿ ಎಕ್ಲಿಪ್ಸ್ 500 ಮತ್ತು ಸೆಸ್ನಾ ಮಸ್ಟ್ಯಾಂಗ್, 2008ರಲ್ಲಿ ಬ್ರೆಜಿಲ್‌ನ ಎಂಬ್ರೇಯರ್ ಕಂಪನಿಯ ಫಿನಾಮ್ 100, 2015ರಲ್ಲಿ ಹೋಂಡಾ ಜೆಟ್, 2016ರಲ್ಲಿ ಸಿರಸ್ ವಿಷನ್ ಜೆಟ್ ಅಮೆರಿಕ, ಬ್ರೆಜಿಲ್ ಮುಂತಾದೆಡೆ ಮಾನ್ಯತೆ ಪಡೆದವು. ಎಲ್ಲವೂ ಒಬ್ಬನೇ ಚಾಲಕನಿಗೆ ಅನುಮತಿ ಇರುವಂಥವು. ಎಕ್ಲಿಪ್ಸ್ ಅಗ್ಗದ ಜೆಟ್ ಎಂದು ಭಾರಿ ಸುದ್ದಿ ಮಾಡಿ 2008ರಲ್ಲೇ ದಿವಾಳಿಯಾಯಿತು. ಮಸ್ಟ್ಯಾಂಗ್ ತಯಾರಿಕೆ 2017ರಲ್ಲಿ ನಿಂತಿತು. ಹೋಂಡಾ ತನ್ನ ಎಂಜಿನ್‌ಗಳನ್ನು ರೆಕ್ಕೆಯ ಮೇಲೆ ಕಂಬ ನೆಟ್ಟು ಕೂರಿಸಿತು. 43,000 ಅಡಿಯವರೆಗೆ ಹೋಗುತ್ತದೆ. ವಿಷನ್ ಜೆಟ್ ಅದಕ್ಕೆ ಪೂರ್ತಿ ಬೇರೆ ದಾರಿ. ಬೆನ್ನ ಮೇಲೆ ಒಂದೇ ಎಂಜಿನ್, ಇಂಗ್ಲಿಷಿನ ವಿ ಅಕ್ಷರದಂಥ ಬಾಲ. ವೇಗವೂ ಎತ್ತರವೂ ಉಳಿದವಕ್ಕಿಂತ ಕಡಿಮೆ. ಆದರೆ ಇಡೀ ವಿಮಾನವನ್ನೇ ಕೆಳಗಿಳಿಸುವ ಒಂದು ಪ್ಯಾರಾಶೂಟ್ ಅದರ ಮೂಗಿನಲ್ಲಿ ಅಡಗಿದೆ. 2020ರಿಂದ ಇನ್ನೊಂದು ಅನುಕೂಲವೂ ಬಂದಿದೆ: ಚಾಲಕನಿಗೆ ಪ್ರಜ್ಞೆ ತಪ್ಪಿದರೆ ಪ್ರಯಾಣಿಕ ಒಂದು ಗುಂಡಿ ಒತ್ತಿದರಾಯಿತು, ವಿಮಾನ ತಾನೇ ನಿಲ್ದಾಣ ಹುಡುಕಿ ಇಳಿಯುತ್ತದೆ. ವೇಗವನ್ನು ಬಿಟ್ಟುಕೊಟ್ಟು ಕ್ಷಮೆಯನ್ನು ಕೊಂಡ ಆಯ್ಕೆ ಇದು. ಮಾಲೀಕನೇ ಚಾಲಕನಾಗಿದ್ದರೆ ನನ್ನ ಒಲವೂ ಇತ್ತಲೇ.

ಒಲವಿರಲಿ, ಇವನ್ನು ಬೆಂಗಳೂರಿನಲ್ಲಿ ಎಲ್ಲಿಂದ ಹಾರಿಸುವುದು? ಬಸವೇಶ್ವರನಗರದಲ್ಲೋ ರಾಜಾಜಿನಗರದಲ್ಲೋ ಮನೆಯಿರುವ ನಮ್ಮ ಕಲ್ಪನೆಯ ಮಾಲೀಕನಿಗೆ ಹತ್ತಿರದಲ್ಲಿ ವಿಮಾನ ನೆಲೆ ಇಲ್ಲ. ಪಶ್ಚಿಮ ಬೆಂಗಳೂರಿನಲ್ಲಿ ಒಂದೂ ಇಲ್ಲ. ಎಲ್ಲವೂ ಉತ್ತರಕ್ಕೆ ಮತ್ತು ಪೂರ್ವಕ್ಕೆ. ಚಿಕ್ಕ ವಿಮಾನಗಳ ತವರು ಜಕ್ಕೂರು. ಅಲ್ಲಿಯ ರನ್‌ವೇ ಉದ್ದ ಸುಮಾರು 900 ಮೀಟರ್. ಈಗ ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಈ ಪುಟ್ಟ ಜೆಟ್‌ಗಳಲ್ಲಿ ಹೆಚ್ಚಿನವು ತುಂಬಿದ ತೂಕದಲ್ಲಿ ಮೇಲೇರಿ 50 ಅಡಿ ಎತ್ತರ ದಾಟಲು ಸಮುದ್ರಮಟ್ಟದಲ್ಲೇ ಸುಮಾರು 950 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳು, ಬಿಸಿಯಾದಂತೆ ಇನ್ನೂ ತೆಳು. ಏಪ್ರಿಲ್‌ನ ಮಧ್ಯಾಹ್ನ 32 ಡಿಗ್ರಿ ಇದ್ದಾಗ ಇಲ್ಲಿಯ ಗಾಳಿಯ ಸಾಂದ್ರತೆ ಸಮುದ್ರತೀರದ ಪ್ರಮಾಣಿತ ಗಾಳಿಗಿಂತ ಶೇಕಡಾ 15ರಷ್ಟು ಕಡಿಮೆ. ಅದೇ ಭಾರವನ್ನು ಎತ್ತಲು ವೇಗದ ವರ್ಗ ಸುಮಾರು 1.18 ಪಟ್ಟು ಹೆಚ್ಚಬೇಕು. ಎಂಜಿನ್ನಿನ ನೂಕುಬಲವೂ ಅಷ್ಟೇ ಪ್ರಮಾಣದಲ್ಲಿ, ಅಂದರೆ 0.85 ಪಟ್ಟಿಗೆ ಇಳಿಯಿತೆಂದು ಇಟ್ಟುಕೊಳ್ಳಿ. ಓಡಬೇಕಾದ ದೂರ 1.18ನ್ನು 0.85ರಿಂದ ಭಾಗಿಸಿದಷ್ಟು, ಹೆಚ್ಚುಕಡಿಮೆ 1.4 ಪಟ್ಟು. 950 ಮೀಟರ್ 1,300 ದಾಟಿತು. ಇದು ಒರಟು ಲೆಕ್ಕ, ನಿಜವಾದ ಕೋಷ್ಟಕಗಳು ವಿಮಾನದ ಕೈಪಿಡಿಯಲ್ಲಿರುತ್ತವೆ. ಆದರೂ ಜಕ್ಕೂರಿನ 900 ಮೀಟರಿಗೆ ಇದು ಹೊಂದದು ಎಂಬುದಕ್ಕೆ ಇಷ್ಟು ಸಾಕು.

ಹಾಗಾಗಿ ಜೆಟ್ ಕೊಂಡವನು ದೇವನಹಳ್ಳಿಗೋ ಎಚ್.ಎ.ಎಲ್.ಗೋ ಹೋಗಬೇಕು. ಹೋದ ಮೇಲೂ ಮೈಸೂರಿಗೆ ಹಾರುವುದರಲ್ಲಿ ಅರ್ಥವಿಲ್ಲ. ಜೆಟ್ ಎಂಜಿನ್ ಇಂಧನವನ್ನು ಮಿತವಾಗಿ ಕುಡಿಯುವುದು 30–40 ಸಾವಿರ ಅಡಿಯ ಮೇಲೆ. ಅಷ್ಟು ಎತ್ತರಕ್ಕೇರುವ ಮೊದಲೇ ಮೈಸೂರು ಹಿಂದೆ ಉಳಿದಿರುತ್ತದೆ. ಬಳ್ಳಾರಿ ನೇರ ದಾರಿಯಲ್ಲಿ ಸುಮಾರು 250 ಕಿ.ಮೀ.; ಅದೂ ಜೆಟ್‌ಗೆ ಗಿಡ್ಡ ಪ್ರಯಾಣವೇ. ದೂರ ಹೋಗೋಣವೆಂದರೆ ತೂಕದ ಪ್ರಶ್ನೆ ಬರುತ್ತದೆ. ಪುಟ್ಟ ಜೆಟ್‌ಗಳಲ್ಲಿ ಆಸನ ತುಂಬಿದರೆ ಟ್ಯಾಂಕ್ ತುಂಬುವಂತಿಲ್ಲ, ಟ್ಯಾಂಕ್ ತುಂಬಿದರೆ ಆಸನ ಖಾಲಿ ಬಿಡಬೇಕು. ಜಾಹೀರಾತಿನಲ್ಲಿ ಆಸನದ ಸಂಖ್ಯೆಯೂ ದೂರವೂ ಒಂದೇ ಪುಟದಲ್ಲಿರುತ್ತವೆ. ಒಂದೇ ಹಾರಾಟದಲ್ಲಿ ಎರಡೂ ಸಿಗುವುದಿಲ್ಲ.

ಒಂದು ಎಂಜಿನ್ನೋ ಎರಡೋ ಎಂಬ ಹಳೆಯ ವಾದ ಇನ್ನೂ ಉಳಿದಿದೆ. ಎರಡಿದ್ದರೆ ಒಂದು ಕೆಟ್ಟರೂ ಇನ್ನೊಂದಿದೆ ಎಂದು ಯಾರಾದರೂ ಹೇಳುತ್ತಾರೆ. ಅದು ಅರ್ಧ ನಿಜ. ಒಂದು ನಿಂತೊಡನೆ ವಿಮಾನ ಒಂದು ಪಕ್ಕಕ್ಕೆ ತಿರುಗಲು ಹವಣಿಸುತ್ತದೆ. ಅದನ್ನು ಪಾದದಿಂದ ತಡೆದು, ನಿಂತ ಎಂಜಿನ್ ಯಾವುದೆಂದು ತಪ್ಪಿಲ್ಲದೆ ಗುರುತಿಸಿ, ಮುಂದಿನ ಕ್ರಮಗಳನ್ನು ಸರಿಯಾದ ಸರದಿಯಲ್ಲಿ ಮಾಡಬೇಕು. ಈ ಕೆಲಸ ಎಷ್ಟು ಕಠಿಣ ಎಂಬುದನ್ನು ಬೆಂಗಳೂರು ಬಹಳ ದುಬಾರಿ ಬೆಲೆ ತೆತ್ತು ಕಂಡಿದೆ.

ನಿಮ್ಮಲ್ಲಿ ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಬಿಡದಿಯ ಕಡೆಗೆ ಹೋದವರು ಹಲವರಿರಬಹುದು. ಅಲ್ಲಿಯ ಶೇಷಗಿರಿಹಳ್ಳಿಯ ಬಳಿ 2009ರ ಮಾರ್ಚ್ 6ರಂದು ಸರಸ್ ವಿಮಾನದ ಎರಡನೆಯ ಮಾದರಿ ಉರುಳಿಬಿತ್ತು. ಸರಸ್ ನಮ್ಮ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ, ಅಂದರೆ ಎನ್.ಎ.ಎಲ್.ನ ಕನಸು: ಹದಿನಾಲ್ಕು ಆಸನ, ಹಿಂಬದಿಯಿಂದ ನೂಕುವ ಎರಡು ಟರ್ಬೊಪ್ರಾಪ್ ಎಂಜಿನ್. 1991ರಲ್ಲಿ ರಷ್ಯದ ಸಂಸ್ಥೆಯೊಂದರ ಸಹಯೋಗದಲ್ಲಿ ಆರಂಭವಾಗಿ, ಸೋವಿಯತ್ ಒಕ್ಕೂಟ ಕುಸಿದ ಮೇಲೆ ನಾವೇ ಮುಂದುವರಿಸಿದ ಯೋಜನೆ. ಮೊದಲ ಮಾದರಿ 2004ರ ಮೇ 29ರಂದು ಹಾರಿದಾಗ ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಎರಡನೆಯದಕ್ಕೆ ಹೆಚ್ಚು ಶಕ್ತಿಯ ಎಂಜಿನ್ ಬಂತು. ಅಂದಿನ ಪರೀಕ್ಷೆ ಇದು: ಹಾರುತ್ತಿರುವಾಗ ಒಂದು ಎಂಜಿನ್ನನ್ನು ಬೇಕೆಂದೇ ನಿಲ್ಲಿಸುವುದು, ಮತ್ತೆ ಹೊತ್ತಿಸುವುದು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ, ಮೂವರೂ ವಾಯುಪಡೆಯ ಪರೀಕ್ಷಾ ಕೇಂದ್ರದಿಂದ ಬಂದ ನುರಿತವರು. ಸಮುದ್ರಮಟ್ಟದಿಂದ ಸುಮಾರು 9,000 ಅಡಿಯಲ್ಲಿ ಎಡ ಎಂಜಿನ್ ನಿಲ್ಲಿಸಿದರು. ಮತ್ತೆ ಹೊತ್ತಿಸುವ ಯತ್ನದಲ್ಲಿ ವಿಮಾನ ಹತೋಟಿ ತಪ್ಪಿ ವೇಗವಾಗಿ ಎತ್ತರ ಕಳೆದುಕೊಂಡಿತು. ಮೂವರೂ ತೀರಿಕೊಂಡರು.

ತನಿಖೆಯ ಮಾತು ಗಮನಾರ್ಹ. ತಪ್ಪಿದ್ದು ಕೇವಲ ಕೈಯಲ್ಲ. ಎಂಜಿನ್ ಮರಳಿ ಹೊತ್ತಿಸಲು ವಿನ್ಯಾಸಕರು ರೂಪಿಸಿಕೊಟ್ಟ ವಿಧಾನವೇ ಸರಿಯಿರಲಿಲ್ಲ, ಅದನ್ನು ಸಾಲದ ಎತ್ತರದಲ್ಲಿ ಮಾಡಲಾಯಿತು ಎಂಬುದು ಅದರ ನಿರ್ಣಯ. ನಕ್ಷೆಯಲ್ಲಿ 9,000 ಅಡಿ ದೊಡ್ಡದಾಗಿ ಕಾಣುತ್ತದೆ. ಆದರೆ ನಮ್ಮ ಪ್ರಸ್ಥಭೂಮಿಯೇ ಸಮುದ್ರದಿಂದ ಎರಡೂವರೆ ಮೂರು ಸಾವಿರ ಅಡಿ ಮೇಲಿದೆ. ಚಾಲಕರ ಕೈಯಲ್ಲಿ ನಿಜಕ್ಕೂ ಇದ್ದದ್ದು ಉಳಿದ ಆರು ಸಾವಿರ ಚಿಲ್ಲರೆ. ಸಾವಿರಾರು ಗಂಟೆ ಹಾರಿದ ಇಬ್ಬರು ಪರೀಕ್ಷಾ ಚಾಲಕರಿಗೇ ಅದು ಸಾಲಲಿಲ್ಲ. ಎರಡು ಎಂಜಿನ್ನಿನ ಜೆಟ್ ಕೊಂಡು ಒಬ್ಬನೇ ಹೊರಡುವವನು ಈ ದಿನಾಂಕವನ್ನು ತಿಳಿದಿರಬೇಕು. ಸರಸ್‌ನ ತಿದ್ದಿದ ಮಾದರಿ ಮತ್ತೆ ಆಕಾಶ ಕಂಡದ್ದು 2018ರ ಜನವರಿಯಲ್ಲಿ, ಒಂಬತ್ತು ವರ್ಷಗಳ ಮೇಲೆ.

ಎನ್.ಎ.ಎಲ್.ನಲ್ಲೇ ಇನ್ನೊಂದು ಧಾರೆ ಹರಿಯುತ್ತಿತ್ತು, ಪುಷ್ಪಕ್‌ನ ಧಾರೆ. 1980ರ ದಶಕದಲ್ಲಿ ಪ್ರೊ. ರುಸ್ತುಂ ದಮಾನಿಯಾ ಅವರ ತಂಡ ಅಮೆರಿಕದ ಬರ್ಟ್ ರುಟಾನ್ ಅವರ ವಿನ್ಯಾಸವನ್ನು ಆಧರಿಸಿ ನಾರುಗಾಜಿನ ಪುಟ್ಟ ವಿಮಾನವೊಂದನ್ನು ಕಟ್ಟಿತು. ಮುಖ್ಯ ರೆಕ್ಕೆ ಹಿಂದೆ, ಚಿಕ್ಕ ರೆಕ್ಕೆ ಮುಂದೆ. ವೇಗ ತೀರ ಇಳಿದರೆ ಮೊದಲು ಸೋಲುವುದು ಮುಂದಿನ ಚಿಕ್ಕ ರೆಕ್ಕೆ. ಮೂಗು ತಾನಾಗಿ ಬಾಗುತ್ತದೆ, ವೇಗ ಮರಳುತ್ತದೆ, ದೊಡ್ಡ ರೆಕ್ಕೆ ಸೋಲುವುದೇ ಇಲ್ಲ. ಮನ್ಸನ್ ಮಾಡಿದ ತಪ್ಪನ್ನು ವಿಮಾನವೇ ತಿದ್ದುವ ಉಪಾಯವಿದು. ವಿಚಿತ್ರವೆಂದರೆ ಆ ವಿಮಾನ ಹವ್ಯಾಸಿಗಳ ಕೈಗೆ ಬರಲಿಲ್ಲ. ಅದರ ಆಕೃತಿಯಿಂದ ರಕ್ಷಣಾ ಸಂಶೋಧನಾ ಸಂಸ್ಥೆ ಚಾಲಕನೇ ಇಲ್ಲದ ವಿಮಾನವನ್ನು ಬೆಳೆಸಿತು, ಅದಕ್ಕೆ ದಮಾನಿಯಾ ಅವರ ನೆನಪಿನಲ್ಲಿ ರುಸ್ತುಂ ಎಂದು ಹೆಸರಿಟ್ಟಿತು.

ಜನರ ಕೈಗೆ ಬಂದದ್ದು ಹಂಸ. 1993ರ ನವೆಂಬರ್ 17ರಂದು ಮೊದಲು ಹಾರಿತು, 2000ದಲ್ಲಿ ಮಾನ್ಯತೆ ಪಡೆಯಿತು. ಅಕ್ಕಪಕ್ಕದ ಎರಡು ಆಸನ, ಆಸ್ಟ್ರಿಯಾದ ರೋಟ್ಯಾಕ್ಸ್ ಎಂಜಿನ್, ಮೂಗಿನ ಕೆಳಗೆ ಚಕ್ರ, ಆದಕಾರಣ ಎಚ್.ಟಿ.-2ರಂತೆ ಹಾವಿನ ನಡಿಗೆ ಬೇಕಿಲ್ಲ. ಒಂದು ಡಜನ್ನಿನಷ್ಟು ಹಂಸಗಳು ಹಾರಾಟ ಶಾಲೆಗಳಿಗೆ, ಕಾನ್ಪುರದ ಐ.ಐ.ಟಿ.ಗೆ ಹೋದವು. ಸಂಖ್ಯೆ ಬೆಳೆಯಲಿಲ್ಲ. ಒಳ್ಳೆಯ ವಿಮಾನ ಮಾಡುವುದು ಪ್ರಯೋಗಾಲಯದ ಕೆಲಸ, ಸಾವಿರ ಮಾಡಿ ಮಾರುವುದು ಕಾರ್ಖಾನೆಯ ಕೆಲಸ. ಎಂಬ್ರೇಯರ್ ಚಿಕ್ಕ ಟರ್ಬೊಪ್ರಾಪ್‌ನಿಂದ ಹೊರಟು ಫಿನಾಮ್ ಜೆಟ್‌ವರೆಗೆ ಹೋದದ್ದು ಈ ಎರಡನ್ನೂ ಒಂದೇ ಸೂರಿನಡಿ ಇಟ್ಟುಕೊಂಡು. ನಾವು ಇಡಲಿಲ್ಲ.

ನಮ್ಮ ದೇಶದಲ್ಲಿ ಹತ್ತನೆಯ ತರಗತಿ ಮುಗಿಸಿ, ಹದಿನೇಳು ತುಂಬಿ, ಕನಿಷ್ಠ 40 ಗಂಟೆ ಹಾರಿ, ಪರೀಕ್ಷೆಗಳನ್ನು ದಾಟಿದರೆ ಖಾಸಗಿ ಚಾಲಕನ ಪರವಾನಗಿ ಸಿಗುತ್ತದೆ. ಜೆಟ್ ಹಾರಿಸಲು ಅಷ್ಟು ಸಾಲದು, ಆಯಾ ಮಾದರಿಗೆ ಪ್ರತ್ಯೇಕ ತರಬೇತಿ, ಪ್ರತ್ಯೇಕ ಅನುಮತಿ ಬೇಕು. ಆ 40 ಗಂಟೆಯನ್ನು ಹಾರುವವನಿಗೆ ಬೇಕಾದ ವಿಮಾನವೆಂದೇ ಹಂಸದ ಹೊಸ ಪೀಳಿಗೆ ಸಿದ್ಧವಾಯಿತು; ಗಣಕೀಕೃತ ಎಂಜಿನ್, ಗಾಜಿನ ಪರದೆಯ ಮಾಪಕಗಳು. 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನಲ್ಲಿ ಹಾರಿತು. ಆಮೇಲೆ, ಬೆಂಗಳೂರಿನ ತೆಳು ಗಾಳಿಯಲ್ಲಿ ಹುಟ್ಟಿದ ಈ ವಿಮಾನವನ್ನು ಸಮುದ್ರಮಟ್ಟದ ಗಾಳಿಯಲ್ಲಿ ಅಳೆಯಲು 2022ರ ಆರಂಭದಲ್ಲಿ ಪುದುಚೇರಿಗೆ ಒಯ್ದರು. ಉಳಿದದ್ದು ಒಂದು ಪರೀಕ್ಷೆ, ಬಿಡದಿಯ ಮೇಲೆ ಮುಗಿಯದೆ ನಿಂತಿದ್ದಂಥದೇ. ಅದಕ್ಕೆ ಈ ಬಾರಿ ಆರಿಸಿದ್ದು ಚಿತ್ರದುರ್ಗ ಜಿಲ್ಲೆಯ ಬಯಲಿನಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯ ಪರೀಕ್ಷಾ ವಲಯವನ್ನು. ಕೆಳಗೆ ಉದ್ದನೆಯ ರನ್‌ವೇ. ಮೇ 17ರಂದು ವಾಯುಪಡೆಯ ಅದೇ ಪರೀಕ್ಷಾ ಕೇಂದ್ರದ ಇಬ್ಬರು ಚಾಲಕರು 7,000–8,000 ಅಡಿ ಎತ್ತರದಲ್ಲಿ ಹಂಸದ ಒಂದೇ ಎಂಜಿನ್ನನ್ನು ನಿಲ್ಲಿಸಿದರು, ಜಾರುತ್ತ ಬಂದರು, ಮತ್ತೆ ಹೊತ್ತಿಸಿದರು. ಎಂಜಿನ್ ಹೊತ್ತಿಕೊಂಡಿತು.